ಸಹಾಯ ಬೇಕು: ವಾರ್ಡಿನ ಗಲಾಟೆಗೆ ಅಪ್ಪನಿಗೆ ನಿದ್ದೆಯೇ ಇಲ್ಲ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 71 ವರ್ಷ. ಸೊಂಟದ ಮೂಳೆ ಆಪರೇಷನ್ ಆಗಿ ಇವತ್ತಿಗೆ ಐದು ದಿನ. ಆರು ಬೆಡ್‌ನ ವಾರ್ಡಿನಲ್ಲಿದ್ದಾರೆ. ಡಾಕ್ಟರ್, ಸಿಸ್ಟರ್ ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ತೊಂದರೆ ಸದ್ದಿನದು.

ರಾತ್ರಿ ಎರಡು ಗಂಟೆಗೂ ಪಕ್ಕದ ಬೆಡ್‌ನ ಮಾನಿಟರ್ ಬೀಪ್ ಬೀಪ್ ಅನ್ನುತ್ತಲೇ ಇರುತ್ತದೆ. ಟ್ರಾಲಿಯ ಒಂದು ಚಕ್ರ ಕಿರ್ರೆನ್ನುತ್ತಾ ವರಾಂಡದ ಉದ್ದಕ್ಕೂ ಹೋಗುತ್ತದೆ. ಯಾರೋ ಫೋನನ್ನು ಸ್ಪೀಕರಿಗೆ ಹಾಕಿ ಊರಿನವರ ಜೊತೆ ಮಾತಾಡುತ್ತಾರೆ. ಅಪ್ಪನಿಗೆ ಕಣ್ಣು ಹತ್ತಿತು ಅನ್ನುವಷ್ಟರಲ್ಲಿ ಬೆಚ್ಚಿ ಬೀಳುತ್ತಾರೆ. ಮೊನ್ನೆ ರಾತ್ರಿ "ಬಸ್ ಬಂತು, ಚೀಲ ಎತ್ಕೋ" ಅಂತ ಏಳಲು ಹೋದರು. ನನಗೆ ಕೈಕಾಲೇ ಆಡಲಿಲ್ಲ. ವಯಸ್ಸಾದವರಿಗೆ ಆಪರೇಷನ್ ಆದಮೇಲೆ ನಿದ್ದೆ ಕೆಟ್ಟರೆ ಇಂಥ ಗೊಂದಲ ಜಾಸ್ತಿ ಆಗಬಹುದು ಅಂತ ಡಾಕ್ಟರ್ ಹೇಳಿದರು.

ನೈಟ್ ಡ್ಯೂಟಿ ಸಿಸ್ಟರದ್ದೂ ಪಾಪ, ಇದೇ ಪಾಡು. ಪ್ರತಿ ಅಲಾರಂಗೂ ಓಡಬೇಕು. "ಮನೆಗೆ ಹೋದಮೇಲೂ ಕಿವಿಯಲ್ಲಿ ಬೀಪ್ ಕೇಳ್ತಾನೇ ಇರುತ್ತೆ ಅಕ್ಕ" ಅಂದರು.

ವಾರ್ಡಿನಲ್ಲಿ ರಾತ್ರಿ ಸರಾಸರಿ 30 ಡೆಸಿಬಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಆಸ್ಪತ್ರೆ ಸುತ್ತ ಕನಿಷ್ಠ 100 ಮೀಟರ್ ನಿಶ್ಶಬ್ದ ವಲಯ ಅಂತ ಸರ್ಕಾರ ಘೋಷಿಸಬಹುದು. ಅದು ಹೊರಗಿನ ಹಾರ್ನ್‌ಗಾಯಿತು. ಒಳಗಿನ ಸದ್ದಿಗೆ?

ಇಲ್ಲಿರುವ ನರ್ಸ್, ಡಾಕ್ಟರ್‌ಗಳು ದಯವಿಟ್ಟು ಹೇಳಿ. ಇಂಥ ಗೊಂದಲ ಇರುವವರಿಗೆ ಇಯರ್ ಪ್ಲಗ್ ಹಾಕಬಹುದಾ, ಅದರಿಂದ ಇನ್ನೂ ಗಾಬರಿ ಆಗುತ್ತಾ? ರಾತ್ರಿ ಅಲಾರಂ ಸದ್ದು ತಗ್ಗಿಸಿ ಅಂತ ಕೇಳುವುದು ತಪ್ಪಾ? ಸಿಸ್ಟರಿಗೆ ಬೇಜಾರಾಗದ ಹಾಗೆ ಯಾರ ಹತ್ತಿರ ಮಾತಾಡಲಿ? ಇನ್ನೂ ನಾಲ್ಕು ರಾತ್ರಿ ಇಲ್ಲೇ ಇರಬೇಕು.