ಮಾರ್ಚ್ ಕೊನೆಗೆ ಕಬಿನಿಯೋ, ಬಂಡೀಪುರವೋ? ಹಿರಿಯರೊಂದಿಗೆ ಸಫಾರಿ ಹೋಗುವ ಬಗ್ಗೆ ಸಲಹೆ ಬೇಕು

ಜಯನಗರ ನಿವಾಸಿ:

ಎಲ್ಲರಿಗೂ ನಮಸ್ಕಾರ. ಮಗಳ ನಾಲ್ಕನೇ ತರಗತಿಯ ಪರೀಕ್ಷೆ ಮುಗಿದ ಕೂಡಲೇ, ಅಂದರೆ ಮಾರ್ಚ್ ಕೊನೆಯ ವಾರದಲ್ಲಿ, ಎರಡು ರಾತ್ರಿಯ ಮಟ್ಟಿಗೆ ಕಾಡಿಗೆ ಹೋಗಿಬರಬೇಕೆಂದು ಮನೆಯಲ್ಲಿ ನಿಶ್ಚಯವಾಗಿದೆ. ನಾವು ಒಟ್ಟು ಐದು ಜನ. ತಂದೆಗೆ ಎಪ್ಪತ್ತೊಂದು ವರ್ಷ, ಆದರೆ ಗಟ್ಟಿಮುಟ್ಟಾಗಿದ್ದಾರೆ. ತಾಯಿಗೆ ಮಂಡಿನೋವಿರುವುದರಿಂದ ಎತ್ತರದ ವಾಹನ ಹತ್ತುವುದು, ಕುಲುಕಾಟದಲ್ಲಿ ಬಹಳ ಹೊತ್ತು ಕೂರುವುದು ಕಷ್ಟ. ಬನ್ನೇರುಘಟ್ಟದ ಸಫಾರಿ ಬಿಟ್ಟರೆ ನಾವ್ಯಾರೂ ನಿಜವಾದ ಕಾಡಿನೊಳಗೆ ಹೋದವರಲ್ಲ.

ಪರಿಚಿತರೊಬ್ಬರ ಮೂಲಕ ಒಬ್ಬ ಏಜೆಂಟರ ವಾಟ್ಸಾಪ್ ಸಂದೇಶ ಬಂದಿದೆ. ನಾಲ್ಕು ಸಫಾರಿ, ಊಟ, ವಸತಿ ಎಲ್ಲವೂ ಸೇರಿದ ಪ್ಯಾಕೇಜಂತೆ, ಹುಲಿ ಕಾಣುವುದು ಖಚಿತವಂತೆ. ಅರ್ಧ ಹಣವನ್ನು ಈಗಲೇ ಕಳುಹಿಸಬೇಕೆನ್ನುತ್ತಾರೆ. ನನಗೇಕೋ ಧೈರ್ಯ ಸಾಲುತ್ತಿಲ್ಲ. ಕಬಿನಿ, ಬಂಡೀಪುರಗಳಲ್ಲಿ ನಮ್ಮಂಥ ಕುಟುಂಬಕ್ಕೆ ಯಾವುದು ಸೂಕ್ತ, ಎಷ್ಟು ಸಫಾರಿ ಮಾಡಬಹುದು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಹುಣಸೂರು ಕಡೆಯವ:

ಮೊದಲು ಹಣದ ವಿಷಯ ಹೇಳಿಬಿಡುತ್ತೇನೆ: ಕಳುಹಿಸಬೇಡಿ. ಹುಲಿಯನ್ನು ಖಚಿತವಾಗಿ ತೋರಿಸುತ್ತೇನೆ ಎನ್ನುವವರಿಗೆ ಕಾಡು ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಸುಳ್ಳು ಹೇಳುತ್ತಿದ್ದಾರೆ. 2022ರ ಗಣತಿಯಲ್ಲಿ ಬಂಡೀಪುರದಲ್ಲಿ 150, ಕಬಿನಿ ಸಫಾರಿ ನಡೆಯುವ ನಾಗರಹೊಳೆಯಲ್ಲಿ 141 ಹುಲಿಗಳಿವೆ ಎಂದು ಅಂದಾಜಿಸಲಾಗಿತ್ತು. ದೇಶದಲ್ಲಿ ಇದಕ್ಕಿಂತ ಹೆಚ್ಚಿದ್ದದ್ದು ಕಾರ್ಬೆಟ್‌ನಲ್ಲಿ ಮಾತ್ರ. ಹಾಗಿದ್ದರೂ ಸಫಾರಿ ಸಾಗುವುದು ಕಾಡಿನ ಒಂದು ಸಣ್ಣ ಭಾಗದಲ್ಲಿ, ಗುರುತು ಮಾಡಿದ ದಾರಿಗಳಲ್ಲಷ್ಟೇ. ನಾನು ಸತತವಾಗಿ ಆರು ಸಫಾರಿ ಮಾಡಿ ಹುಲಿಯ ಬಾಲವನ್ನೂ ಕಾಣದೆ ಹಿಂದಿರುಗಿದ್ದೇನೆ. ಏಳನೆಯದರಲ್ಲಿ, ಹೊರಟು ಹತ್ತು ನಿಮಿಷವಾಗುವ ಮೊದಲೇ ಅದು ದಾರಿಯ ಮಧ್ಯೆ ಮಲಗಿತ್ತು.

ನೀವು ಹೇಳಿದ ಸಮಯಕ್ಕೆ ನನ್ನ ಮತ ಕಬಿನಿಗೆ. ಕಾರಣ ನೀರು. 1974ರಲ್ಲಿ ಬೀಚನಹಳ್ಳಿಯಲ್ಲಿ ಕಬಿನಿ ನದಿಗೆ ಅಣೆಕಟ್ಟು ಕಟ್ಟಿದ ಮೇಲೆ ನಾಗರಹೊಳೆಗೂ ಬಂಡೀಪುರಕ್ಕೂ ನಡುವೆ ಹಿನ್ನೀರು ಹರಡಿಕೊಂಡಿತು. ಬೇಸಿಗೆಯಲ್ಲಿ ಕಾಡಿನೊಳಗಿನ ಸಣ್ಣ ಕೆರೆಗಳು ಬತ್ತುವ ಹೊತ್ತಿಗೆ ಈ ಹಿನ್ನೀರೂ ಇಳಿಯುತ್ತಾ ಹೋಗುತ್ತದೆ, ಇಳಿದ ಕಡೆ ಮೆಕ್ಕಲು ಮಣ್ಣಿನ ಮೇಲೆ ಎಳೆಹುಲ್ಲು ಏಳುತ್ತದೆ. ಸುತ್ತಲಿನ ಕಾಡೆಲ್ಲ ಒಣಗಿ ನಿಂತಾಗ ಹಸಿರು ಮೇವು, ಕುಡಿಯುವ ನೀರು ಎರಡೂ ಒಂದೇ ಕಡೆ ಸಿಗುವುದರಿಂದ ಆನೆಗಳು ಮರಿಗಳೊಂದಿಗೆ ಹಿಂಡುಹಿಂಡಾಗಿ ಇಲ್ಲಿಗೆ ಬರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಟ್ಟಾಗಿ ಸೇರುವ ಜಾಗಗಳು ಬಹಳ ಕಡಿಮೆ. ಮಾರ್ಚ್ ಕೊನೆಗೆ ಅದು ಆರಂಭವಾಗಿರುತ್ತದೆ, ಏಪ್ರಿಲ್‌–ಮೇ ಹೊತ್ತಿಗೆ ಇನ್ನೂ ಹೆಚ್ಚುತ್ತದೆ. ನಡುವೆ ಒಳ್ಳೆಯ ಮಳೆಯೊಂದು ಬಿದ್ದರೆ ಕಾಡಿನೊಳಗೇ ನೀರು ಸಿಕ್ಕಿ ಪ್ರಾಣಿಗಳು ಚದುರುವುದೂ ಉಂಟು.

ಇನ್ನು ನಿಮ್ಮ ತಾಯಿಯವರ ವಿಷಯ. ಕಬಿನಿಯಲ್ಲಿ ದೋಣಿ ಸಫಾರಿಯೂ ಇದೆ. ಕುಲುಕಾಟವಿಲ್ಲ, ದಡದಲ್ಲಿ ಮೊಸಳೆ, ನೀರುನಾಯಿ, ಬಗೆಬಗೆಯ ಹಕ್ಕಿಗಳು ಸಿಗುತ್ತವೆ, ಆನೆಗಳು ನೀರಿಗಿಳಿಯುವುದನ್ನು ಎದುರಿನಿಂದಲೇ ನೋಡಬಹುದು. ಎರಡು ರಾತ್ರಿಗೆ ಮೂರು ಸಫಾರಿ ಸಾಕು, ಅದರಲ್ಲಿ ಒಂದಾದರೂ ದೋಣಿಯದಿರಲಿ. ನಾಲ್ಕೂ ಜೀಪಿನಲ್ಲೇ ಎಂದರೆ ಎರಡನೆಯ ದಿನ ಹಿರಿಯರು ಕೋಣೆ ಬಿಟ್ಟು ಏಳುವುದಿಲ್ಲ. ನನ್ನ ಅತ್ತೆಯವರಿಗೆ ಹಾಗೇ ಆಗಿತ್ತು.

ಗುಂಡ್ಲುಪೇಟೆ ದಾರಿ:

ಹಿಂದಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೂ ಬಂಡೀಪುರವನ್ನು ಇಷ್ಟು ಸುಲಭವಾಗಿ ಕೈಬಿಡಬಾರದು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ಕೆಯಾದ ಮೊದಲ ಒಂಬತ್ತು ಕಾಡುಗಳಲ್ಲಿ ಇದೂ ಒಂದು. ಒಣ ಎಲೆಯುದುರುವ ಕಾಡಾದ್ದರಿಂದ ಮಾರ್ಚ್ ಹೊತ್ತಿಗೆ ಮರಗಳ ನಡುವೆ ದೂರದವರೆಗೆ ಕಣ್ಣು ಹಾಯುತ್ತದೆ, ಹಿಂದೆ ನೀಲಗಿರಿಯ ಸಾಲು ಕಾಣುತ್ತದೆ. ಖರ್ಚೂ ಕಡಿಮೆ. ಮೇಲುಕಾಮನಹಳ್ಳಿಯಿಂದ ಹೊರಡುವ ಅರಣ್ಯ ಇಲಾಖೆಯ ಬಸ್ಸಿನಲ್ಲಿ ಸೀಟಿಗೆ ಒರಗಿ ಕೂರಬಹುದಾದ್ದರಿಂದ ಮಂಡಿನೋವಿನವರಿಗೆ ಅದೇ ವಾಸಿ. ಬಸ್ಸಿನ ಗಲಾಟೆಯನ್ನು ಮಾತ್ರ ಸಹಿಸಿಕೊಳ್ಳಬೇಕು. ಹಿಂದಿನ ಸೀಟಿನಲ್ಲಿ ಚಿಪ್ಸ್ ಪೊಟ್ಟಣ ಬಿಚ್ಚುವವರು ಪ್ರತಿ ಬಸ್ಸಿನಲ್ಲೂ ಒಬ್ಬರಿರುತ್ತಾರೆ. ಸಫಾರಿ ಇಲ್ಲದ ಹೊತ್ತಿನಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿಬರಬಹುದು. ಖಾಸಗಿ ವಾಹನಗಳನ್ನು ಬೆಟ್ಟದ ಬುಡದಲ್ಲೇ ನಿಲ್ಲಿಸಬೇಕು, ಮೇಲಕ್ಕೆ ಸರ್ಕಾರಿ ಬಸ್ಸಿದೆ.

ಕಾದಿರಿಸುವಾಗ ಒಂದು ವಿಷಯವನ್ನು ಕೇಳಿ ಖಚಿತಪಡಿಸಿಕೊಳ್ಳಿ. ‘ಕಾಡಿನೊಳಗಿನ ರೆಸಾರ್ಟ್’ ಎಂಬ ಜಾಹೀರಾತು ನೋಡಿ ನಾವೊಮ್ಮೆ ಒಂದು ಕಡೆ ಹಣ ಕಟ್ಟಿದ್ದೆವು. ಹೋಗಿ ನೋಡಿದರೆ ಅದು ಊರಿನ ಬಾಳೆತೋಟದ ಪಕ್ಕದಲ್ಲಿತ್ತು. ಸಫಾರಿಯ ಟಿಕೆಟ್ ಮೊತ್ತದಲ್ಲಿ ಸೇರಿರಲಿಲ್ಲ, ಸಿಗಲೂ ಇಲ್ಲ. ಎರಡು ದಿನ ಈಜುಕೊಳ ನೋಡಿಕೊಂಡು ಬಂದೆವು. ಯಾವ ರೆಸಾರ್ಟಿನವರೂ ತಮ್ಮ ಜೀಪನ್ನು ತಮಗೆ ಬೇಕಾದಂತೆ ಕಾಡಿಗೆ ಬಿಡುವಂತಿಲ್ಲ. ಒಳಗೆ ಹೋಗುವುದು ಅರಣ್ಯ ಇಲಾಖೆಯ ವಾಹನ, ಇಲ್ಲವೇ ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಸಂಸ್ಥೆಯ ವಾಹನ. ಆದ್ದರಿಂದ ‘ಸಫಾರಿ ಇದೆಯೇ’ ಎಂದು ಕೇಳಿದರೆ ಸಾಲದು, ‘ನನ್ನ ಹೆಸರಿನಲ್ಲಿ ಎಷ್ಟು ಸೀಟು, ಯಾವ ದಿನ, ಯಾವ ಹೊತ್ತಿಗೆ, ಯಾರ ವಾಹನದಲ್ಲಿ’ ಎಂದು ಬರಹದಲ್ಲಿ ಪಡೆಯಿರಿ.

ಸಫಾರಿ ನಿಂತುಹೋಗುವ ಸಾಧ್ಯತೆಯನ್ನೂ ಗಮನದಲ್ಲಿಡಬೇಕು. 2019ರ ಫೆಬ್ರುವರಿಯಲ್ಲಿ ಬಂಡೀಪುರಕ್ಕೆ ದೊಡ್ಡ ಬೆಂಕಿ ಬಿದ್ದಾಗ ನಿಲ್ಲಿಸಿದ್ದರು. 2025ರ ನವೆಂಬರ್‌ನಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ಜನ ಬಲಿಯಾದಾಗ ಸರ್ಕಾರ ಎರಡೂ ಕಾಡುಗಳಲ್ಲಿ ಸಫಾರಿಯನ್ನು ನಿಲ್ಲಿಸಿತು. ಹಣ ಕಟ್ಟುವ ಮೊದಲು ಸಫಾರಿ ನಡೆಯುತ್ತಿದೆಯೇ, ರದ್ದಾದರೆ ಎಷ್ಟು ವಾಪಸ್ಸು ಕೊಡುತ್ತಾರೆ ಎಂಬೆರಡನ್ನೂ ಕೇಳಿ.

ಬೆಂಗಳೂರಿನಿಂದ ಎರಡಕ್ಕೂ ಇನ್ನೂರ ಹತ್ತು–ಇಪ್ಪತ್ತು ಕಿಲೋಮೀಟರ್ ಆಗುತ್ತದೆ. ಮೈಸೂರಿನವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಕಾರು ಮಾಡಿಕೊಂಡರೆ ಹಿರಿಯರಿಗೆ ಆಯಾಸ ಕಡಿಮೆ. ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಯುಗಾದಿ ರಜೆಗೆ ಅಂಟಿಕೊಂಡ ವಾರಾಂತ್ಯವನ್ನು ದೂರವಿಡಿ.

ಮಲ್ಲೇಶ್ವರದ ಹಕ್ಕಿಪ್ರಿಯೆ:

ನೀವು ಮಗಳನ್ನು ಕರೆದುಕೊಂಡು ಹೋಗುತ್ತಿದ್ದೀರಿ, ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಬನ್ನೇರುಘಟ್ಟದ ಸಫಾರಿ ಬೇಲಿ ಹಾಕಿದ ಆವರಣದಲ್ಲಿ ನಡೆಯುತ್ತದೆ, ಅಲ್ಲಿ ಹೋದವರಿಗೆಲ್ಲ ಹುಲಿ ಸಿಂಹ ಸಿಗುತ್ತವೆ. ಅದನ್ನೇ ನೋಡಿದ ಮಗುವಿಗೆ ಕಾಡಿನ ಮೊದಲ ಒಂದು ಗಂಟೆ ಬೇಸರ ತರಿಸಬಹುದು. ಹೊರಡುವ ಮೊದಲೇ ಅವಳಿಗೆ ಕಿವಿಯಿಂದ ಕಾಡು ನೋಡುವುದನ್ನು ಕಲಿಸಿ.

ಕಳೆದ ಬೇಸಿಗೆಯಲ್ಲಿ ಕಬಿನಿಯ ಒಂದು ಕೆರೆಯ ಏರಿಯ ಬಳಿ ನಮ್ಮ ಮಾರ್ಗದರ್ಶಿ ಜೀಪು ನಿಲ್ಲಿಸಿ ಎಂಜಿನ್ ಆರಿಸಿಬಿಟ್ಟರು. ದಾರಿಯ ಧೂಳಿನಲ್ಲಿ ಹೆಜ್ಜೆಗುರುತೊಂದಿತ್ತು. ನಮ್ಮ ಮುಂದೆ ಹೋಗಿದ್ದ ಜೀಪಿನ ಚಕ್ರದ ಗೆರೆಯ ಮೇಲೆಯೇ ಆ ಹೆಜ್ಜೆ ಬಿದ್ದಿದೆ, ಅಂದರೆ ಜೀಪು ಹೋದ ನಂತರ ಪ್ರಾಣಿ ದಾಟಿದೆ ಎಂದು ಅವರು ಮೆಲ್ಲಗೆ ವಿವರಿಸಿದರು. ಸ್ವಲ್ಪ ಹೊತ್ತಿಗೆ ಜಿಂಕೆಯೊಂದು ಕೀರಲು ದನಿಯಲ್ಲಿ ಕೂಗಿತು, ಮರದ ಮೇಲಿಂದ ಮುಸುವ ಕೆಮ್ಮಿದಂತೆ ಸದ್ದು ಮಾಡಿತು. ಅವರು ಅಲುಗಾಡಲಿಲ್ಲ. ಜಿಂಕೆ ಸೀಳುನಾಯಿಗೂ ಕೂಗುತ್ತದೆ, ಸುಮ್ಮನೆ ಬೆಚ್ಚಿದರೂ ಕೂಗುತ್ತದೆ, ಕಡವೆ ಕೂಗಲಿ ನೋಡೋಣ ಎಂದರು. ಕಾಲು ಗಂಟೆ ಕಳೆದ ಮೇಲೆ ಲಂಟಾನ ಪೊದೆಗಳ ಹಿಂದಿನಿಂದ ‘ಢೋಂಕ್’ ಎಂದು ಕಡವೆಯ ಕೂಗು ಬಂತು, ಮತ್ತೊಮ್ಮೆ ಬಂತು, ಆಮೇಲೆ ದೂರವಾಯಿತು. ಹುಲಿ ಹೊರಗೆ ಬರಲೇ ಇಲ್ಲ. ನನ್ನ ಮಗ ಇಂದಿಗೂ ಹೇಳುವುದು ಆ ಕಾಲು ಗಂಟೆಯ ಕಥೆಯನ್ನೇ.

ಹೀಗೆ ಕಾಯುವ ತಾಳ್ಮೆಯಿರುವ ಮಾರ್ಗದರ್ಶಿ ಸಿಗುವುದು ಅದೃಷ್ಟ. ಆದರೆ ಹತ್ತುವಾಗಲೇ ‘ನಮಗೆ ಹುಲಿಯೇ ಬೇಕೆಂದಿಲ್ಲ, ನಿಧಾನವಾಗಿ ತೋರಿಸಿ’ ಎಂದು ಹೇಳಿದರೆ ಅವರಿಗೂ ನಿರಾಳವಾಗುತ್ತದೆ. ಇಲ್ಲವಾದರೆ ಯಾರೋ ಎಲ್ಲೋ ಹುಲಿ ಕಂಡರೆಂದು ಜೀಪುಗಳೆಲ್ಲ ಒಂದೇ ಕಡೆಗೆ ಧಾವಿಸುವ ದೊಂಬಿಯಲ್ಲಿ ನೀವೂ ಸೇರುತ್ತೀರಿ. ಮಗಳಿಗೆ 8×42 ಅಳತೆಯ ದುರ್ಬೀನು ಕೊಡಿಸಿ, ಮನೆಯ ಮಾಳಿಗೆಯಲ್ಲಿ ನಾಲ್ಕು ದಿನ ಕಾಗೆ, ಗಿಳಿಗಳ ಮೇಲೆ ಅಭ್ಯಾಸ ಮಾಡಿಸಿ. ಮಣ್ಣಿನ ಬಣ್ಣದ ಬಟ್ಟೆ, ಟೋಪಿ, ಧೂಳಿಗೆ ಮೂಗು ಮುಚ್ಚಲು ಒಂದು ಕರವಸ್ತ್ರ ಸಾಕು. ಸುಗಂಧ ದ್ರವ್ಯ ಬೇಡ.

ಜಯನಗರ ನಿವಾಸಿ:

ಎಲ್ಲರಿಗೂ ಧನ್ಯವಾದಗಳು. ಏಜೆಂಟರಿಗೆ ಬೇಡವೆಂದು ತಿಳಿಸಿದ್ದೇನೆ. ಕಬಿನಿಯಲ್ಲಿ ಮಂಗಳವಾರದಿಂದ ಗುರುವಾರದವರೆಗೆ, ಎರಡು ಜೀಪು ಸಫಾರಿ, ಒಂದು ದೋಣಿ ಎಂದು ವಿಚಾರಿಸಿದ್ದೇನೆ. ಜೀಪಿನ ಬದಲು ಎರಡು ಸಲವೂ ದೋಣಿಯಲ್ಲೇ ಹೋಗುತ್ತೇನೆಂದು ತಾಯಿ ಹೇಳುತ್ತಿದ್ದಾರೆ. ಕಾಕನಕೋಟೆಯ ಖೆಡ್ಡಾ, ಅಂದರೆ ಕಾಡಾನೆಗಳನ್ನು ಅಟ್ಟಿ ಹಿಡಿಯುವ ಕಾರ್ಯಾಚರಣೆ, ನಡೆಯುತ್ತಿದ್ದ ಜಾಗವನ್ನು ನೋಡಬಹುದೇ ಎಂಬುದು ತಂದೆಯವರ ಪ್ರಶ್ನೆ. ಅವರ ಸೋದರಮಾವ ಅದನ್ನು ನೋಡಲು ಹೋಗಿದ್ದರಂತೆ.

ಹುಣಸೂರು ಕಡೆಯವ:

ನಿಮ್ಮ ತಂದೆಯವರು ಸರಿಯಾದ ಪ್ರಶ್ನೆ ಕೇಳಿದ್ದಾರೆ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆನೆಗಳನ್ನು ನದಿ ದಾಟಿಸುತ್ತಿದ್ದ ಆ ಪ್ರದೇಶವೆಲ್ಲ ಅಣೆಕಟ್ಟು ಬಂದ ಮೇಲೆ ಹಿನ್ನೀರಿನಲ್ಲಿ ಮುಳುಗಿತು. ಹಾಗಾಗಿ ಅವರನ್ನೂ ತಾಯಿಯವರೊಂದಿಗೆ ದೋಣಿಯಲ್ಲಿ ಕೂರಿಸಿ. ನೀರಿನ ನಡುವೆ ಅಲ್ಲಲ್ಲಿ ಒಣಗಿದ ಮರಗಳು ನಿಂತಿರುತ್ತವೆ, ಮಾರ್ಚ್ ಹೊತ್ತಿಗೆ ಬುಡದವರೆಗೂ ಕಾಣುತ್ತವೆ. ಅವು ಅಣೆಕಟ್ಟಿಗೆ ಮುಂಚಿನ ಕಾಡಿನ ಮರಗಳು. ಈಗ ಅವುಗಳ ತುದಿಯಲ್ಲಿ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಾ ಕೂತಿರುತ್ತವೆ.