ನಲವತ್ತೆಂಟರ ವಯಸ್ಸಿನಲ್ಲಿ ಕಯಾಕಿಂಗ್: ಎಲ್ಲಿ, ಹೇಗೆ ಆರಂಭಿಸಬೇಕು?

ಘಟ್ಟದ ಮೇಲಿನವ (ಶಿರಸಿ):

ಎಲ್ಲರಿಗೂ ನಮಸ್ಕಾರ. ನನಗೀಗ ನಲವತ್ತೆಂಟು ವರ್ಷ. ಶಿರಸಿಯಲ್ಲಿ ಬ್ಯಾಂಕ್ ನೌಕರಿ, ಊರಿನಲ್ಲಿ ಸ್ವಲ್ಪ ಅಡಿಕೆ ತೋಟ. ಇಷ್ಟು ವರ್ಷ ರಜೆ ಸಿಕ್ಕಾಗಲೆಲ್ಲ ಉಂಚಳ್ಳಿ, ಯಾಣದ ಕಡೆ ಚಾರಣಕ್ಕೆ ಹೋಗುವುದು ರೂಢಿಯಾಗಿತ್ತು. ಈಚೆಗೆ ಇಳಿಜಾರು ಬಂದರೆ ಬಲ ಮೊಣಕಾಲು ಮಾತು ಕೇಳುವುದಿಲ್ಲ. ಮೂಳೆ ವೈದ್ಯರೂ ಗುಡ್ಡ ಇಳಿಯುವುದನ್ನು ಬಿಡಿ, ಕೂತು ಮಾಡುವ ವ್ಯಾಯಾಮ ಏನಾದರೂ ಹುಡುಕಿಕೊಳ್ಳಿ ಎಂದಿದ್ದಾರೆ. ಕಳೆದ ಚಳಿಗಾಲದಲ್ಲಿ ಹೊನ್ನಾವರದ ಶರಾವತಿ ಹಿನ್ನೀರಿನಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಬಾಡಿಗೆಯ ಕಯಾಕ್, ಅಂದರೆ ಕೂತು ಹುಟ್ಟು ಹಾಕುವ ಕಿರುದೋಣಿ, ಹತ್ತಿ ಕೂತಿದ್ದೆ. ಒಂದು ತಾಸು ಹೋದದ್ದೇ ತಿಳಿಯಲಿಲ್ಲ. ಅಂದಿನಿಂದ ಇದನ್ನು ಸರಿಯಾಗಿ ಕಲಿತು ತಿಂಗಳಿಗೆ ಒಂದೆರಡು ಬಾರಿಯಾದರೂ ನೀರಿಗಿಳಿಯಬೇಕೆಂಬ ಆಸೆ ಹತ್ತಿಕೊಂಡಿದೆ.

ಈಜು ಬರುತ್ತದೆ, ಆದರೆ ಅದು ಕೆರೆಯಲ್ಲಿ ಕಲಿತ ಈಜು. ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ ನಡೆದಿದೆ. ಈ ವಯಸ್ಸಿನಲ್ಲಿ ಆರಂಭಿಸುವುದು ಸರಿಯೇ? ಕಾರವಾರದ ಕಾಳಿ, ಕುಮಟಾ ಕಡೆಯ ಅಘನಾಶಿನಿ, ಹೊನ್ನಾವರದ ಶರಾವತಿ, ಈ ಮೂರು ಹೊಳೆಗಳಲ್ಲಿ ಹೊಸಬನಿಗೆ ಯಾವುದು ಒಳ್ಳೆಯದು? ಸ್ವಂತ ಕಯಾಕ್ ಕೊಳ್ಳುವ ಯೋಚನೆಯೂ ಇದೆ. ಮನೆಯವರಿಗೆ ಇದೊಂದು ಹುಚ್ಚು ಎನ್ನಿಸಿದೆ, ಆದ್ದರಿಂದ ಅವರಿಗೂ ಓದಿ ಹೇಳಬಹುದಾದ ಉತ್ತರಗಳು ಸಿಕ್ಕರೆ ಉಪಕಾರವಾಗುತ್ತದೆ.

ಸದಾಶಿವಗಡದ ದಂಡೆ (ಕಾರವಾರ):

ವಯಸ್ಸಿನ ಮಾತು ಬಿಡಿ ಸರ್. ಅರವತ್ತು ದಾಟಿದವರು ನಮ್ಮ ದಂಡೆಯಲ್ಲಿ ದಿನ ಬೆಳಗಾದರೆ ಪಾತಿ ದೋಣಿಯಲ್ಲಿ ನಿಂತು ಬೀಸುಬಲೆ ಎಸೆಯುತ್ತಾರೆ. ನೀರು ಯಾವ ಹೊತ್ತಿಗೆ ಯಾವ ಕಡೆ ಹೊರಡುತ್ತದೆ ಎಂಬ ಲೆಕ್ಕ ಅವರಿಗೆ ಬಾಯಿಪಾಠವಾಗಿದೆ, ಆದ್ದರಿಂದ ಅವರು ತೋಳನ್ನು ದುಡಿಸುವುದು ಕಡಿಮೆ. ಹುಟ್ಟು ಹಾಕುವುದನ್ನು ನೀವು ಒಂದೆರಡು ಬೆಳಗಿನಲ್ಲಿ ಕಲಿಯುತ್ತೀರಿ; ಈ ಲೆಕ್ಕವನ್ನು ಕಲಿಯಲು ಒಂದು ಪೂರ್ತಿ ಹಂಗಾಮು ಬೇಕು. ಘಟ್ಟದ ಮೇಲಿನಿಂದ ಬರುವವರು ಇದನ್ನೇ ಹಗುರವಾಗಿ ಕಾಣುತ್ತಾರೆ, ಏಕೆಂದರೆ ಮೇಲಿನ ಹೊಳೆಗಳು ಒಂದೇ ದಿಕ್ಕಿಗೆ ಹರಿಯುತ್ತವೆ.

ನಮ್ಮಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮತ್ತೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುವುದರಿಂದ ಇವತ್ತಿನ ಹೊತ್ತು ನಾಳೆಗೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ನೀರು ಇಳಿಯಲು ತೆಗೆದುಕೊಳ್ಳುವ ಆರು ತಾಸಿನಲ್ಲಿ ಮೊದಲ ತಾಸೂ ಕೊನೆಯ ತಾಸೂ ಸೌಮ್ಯವಾಗಿರುತ್ತವೆ. ನಡುವಿನ ಎರಡು ತಾಸಿನಲ್ಲಿಯೇ ಹೆಚ್ಚುಕಡಿಮೆ ಅರ್ಧದಷ್ಟು ನೀರು ಸರಿದುಹೋಗುತ್ತದೆ. ಆ ಹೊತ್ತಿನಲ್ಲಿ ಕಾಳಿಯ ಅಳಿವೆಯ (ಹೊಳೆ ಸಮುದ್ರ ಸೇರುವ ಜಾಗದ) ಬಳಿ ಹೊಸಬರೊಬ್ಬರು ಎಷ್ಟೇ ಹುಟ್ಟು ಹಾಕಿದರೂ ಎದುರಿನ ತೆಂಗಿನ ಮರ ನಿಂತಲ್ಲೇ ನಿಂತಿರುವುದನ್ನು ನೋಡಬೇಕಾಗುತ್ತದೆ.

ನಿಮ್ಮ ಮನೆಯ ಗೋಡೆಯ ಮೇಲೆ ಪಂಚಾಂಗ ಇದ್ದೇ ಇರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರಿನ ಏರಿಳಿತ ದೊಡ್ಡದು, ಸೆಳೆತ ಜೋರು. ಅಷ್ಟಮಿ ಮತ್ತು ಅದರ ನಂತರದ ಒಂದೆರಡು ದಿನ ಏರಿಳಿತ ಚಿಕ್ಕದು, ಸೆಳೆತವೂ ಕಡಿಮೆ. ಮೊದಲ ತಿಂಗಳುಗಳಲ್ಲಿ ಅಷ್ಟಮಿಗೆ ಹತ್ತಿರದ ಭಾನುವಾರಗಳನ್ನು ಆರಿಸಿಕೊಳ್ಳಿ. ನಿಖರವಾದ ಹೊತ್ತಿಗೆ ಕಾರವಾರ ಬಂದರಿನ ಉಬ್ಬರದ ಪಟ್ಟಿ ಮೊಬೈಲಿನಲ್ಲಿಯೇ ಸಿಗುತ್ತದೆ. ಹೊಳೆಯ ಒಳಗೆ ಹೋದಷ್ಟೂ ಆ ಹೊತ್ತು ತಡವಾಗುತ್ತದೆ ಎಂಬುದು ನೆನಪಿರಲಿ.

ಎರಡನೆಯದು ಗಾಳಿ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಬೆಳಗಿನಲ್ಲಿ ನೆಲದ ಕಡೆಯಿಂದ ಬರುವ ಗಾಳಿ ತೆಳುವಾಗಿದ್ದು, ಸೂರ್ಯ ಏರಿದಂತೆ ಸಮುದ್ರದ ಗಾಳಿ ಎದ್ದು ಮಧ್ಯಾಹ್ನದ ಹೊತ್ತಿಗೆ ಬಲವಾಗುತ್ತದೆ. ಇಳಿತದ ನೀರು ಪಶ್ಚಿಮಕ್ಕೆ ಹೊರಟಿರುವಾಗ ಪಶ್ಚಿಮದ ಗಾಳಿ ಅದಕ್ಕೆ ಎದುರಾದರೆ ಒಂದರ ಬೆನ್ನಿಗೆ ಒಂದು ಮೋಟು ಅಲೆಗಳು ಏಳುತ್ತವೆ. ನೋಡಲು ಚಿಕ್ಕವು, ಆದರೆ ಹಗುರವಾದ ಕಯಾಕ್ ಅಡ್ಡ ತಿರುಗಲು ಅಷ್ಟು ಸಾಕು. ಸೂರ್ಯೋದಯಕ್ಕೆ ಇಳಿದು ಹತ್ತು ಗಂಟೆಯ ಒಳಗೆ ದಂಡೆ ಹತ್ತುವ ಅಭ್ಯಾಸ ಮಾಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಳಿವೆಯ ಕಡೆ ಬರುವುದೇ ಬೇಡ. ಆ ದಿನಗಳಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಡುವ ಎಚ್ಚರಿಕೆಯನ್ನು ಕೆಳಗಿನ ಊರುಗಳಿಗೆ ಕೊಡುತ್ತಾರೆ, ನೀರಿನ ಬಣ್ಣವೇ ಬದಲಾಗಿರುತ್ತದೆ.

ಜಾಗದ ವಿಷಯಕ್ಕೆ ಬಂದರೆ, ಕಾಳಿಯಲ್ಲಿ ಹೆದ್ದಾರಿ ಸೇತುವೆಯಿಂದ ಮೇಲಕ್ಕೆ, ಕಾಂಡ್ಲಾ ಕಾಡಿನ ಬದಿಯ ಕವಲುಗಳಲ್ಲಿ ನೀರು ನೆರಳಾಗಿ, ಗಾಳಿಯಿಲ್ಲದೆ ಇರುತ್ತದೆ. ಕಲಿಯಲು ಅದು ಹೇಳಿಮಾಡಿಸಿದ ಜಾಗ. ಸೇತುವೆಯ ಕಂಬಗಳ ಹತ್ತಿರ ಹೋಗಬೇಡಿ, ಅಲ್ಲಿ ನೀರು ಸುಳಿಯುತ್ತದೆ. 2024ರ ಆಗಸ್ಟ್‌ನಲ್ಲಿ ಹಳೆಯ ಸೇತುವೆ ಕುಸಿದದ್ದು ಇದೇ ಜಾಗದಲ್ಲಿ. ಲಾರಿಯ ಸಮೇತ ಹೊಳೆಗೆ ಬಿದ್ದ ಚಾಲಕನನ್ನು ಆ ರಾತ್ರಿ ಮೇಲೆತ್ತಿದವರಲ್ಲಿ ಇಲ್ಲಿಯ ಮೀನುಗಾರರೂ ಇದ್ದರು. ಸೇತುವೆಯಿಂದ ಕೆಳಗೆ, ಸಮುದ್ರದ ಕಡೆಗೆ, ಒಬ್ಬರೇ ಹೋಗಬಾರದು. ಕೂರ್ಮಗಡ ದ್ವೀಪ ಕಣ್ಣೆದುರಿಗೇ ಕಾಣುತ್ತದೆ, ಕೈಗೆ ಎಟುಕುವಷ್ಟು ಹತ್ತಿರ ಎನ್ನಿಸುತ್ತದೆ; 2019ರ ಜನವರಿಯಲ್ಲಿ ಅಲ್ಲಿಯ ಜಾತ್ರೆಯಿಂದ ಮರಳುತ್ತಿದ್ದ ಯಂತ್ರದ ದೋಣಿಯೇ ಮಗುಚಿ 16 ಜನ ತೀರಿಹೋದರು. ಅರ್ಗಾದ ನೌಕಾನೆಲೆಯ ಸುತ್ತಲಿನ ನೀರು, ಅಂಜುದೀವ ದ್ವೀಪ, ಇವಂತೂ ನಿಷಿದ್ಧ.

ಒಂದೇ ನಿಯಮ ಹೇಳಿ ಎಂದರೆ ಹೀಗೆ ಹೇಳುತ್ತೇನೆ: ಇಳಿತದ ಹೊತ್ತಿನಲ್ಲಿ ಹೊರಡುವಾಗ ಮೊದಲು ಸೆಳೆತಕ್ಕೆ ಎದುರಾಗಿ ಮೇಲಕ್ಕೆ ಹೋಗಿ. ದಣಿದ ಮೇಲೆ ನೀರೇ ನಿಮ್ಮನ್ನು ಹೊರಟ ದಂಡೆಗೆ ತಂದುಬಿಡುತ್ತದೆ. ಇದನ್ನು ತಲೆಕೆಳಗು ಮಾಡಿದವರನ್ನು ಕರೆತರಲು ಯಾರಾದರೂ ಯಂತ್ರದ ದೋಣಿ ಬಿಚ್ಚಬೇಕಾಗುತ್ತದೆ.

ಕುಮಟಾ ಫಿಸಿಯೋ:

ಮೇಲಿನವರು ನೀರಿನ ವಿಷಯ ಹೇಳಿದ್ದಾರೆ, ನಾನು ದೇಹದ್ದಷ್ಟೇ ಹೇಳುತ್ತೇನೆ. ಮೊಣಕಾಲಿಗೆ ಕಯಾಕಿಂಗ್ ತೊಂದರೆ ಕೊಡುವುದು ಕಡಿಮೆ. ತೊಂದರೆಯೆಲ್ಲ ಹತ್ತುವ, ಇಳಿಯುವ ಆ ಅರ್ಧ ನಿಮಿಷದಲ್ಲಿದೆ. ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ಕಯಾಕ್ ನಿಲ್ಲಿಸಿ, ಎರಡೂ ಕಾಲುಗಳನ್ನು ಎರಡು ಬದಿಗೆ ಇಳಿಬಿಟ್ಟು, ಪಾದ ನೆಲಕ್ಕೆ ಊರಿದ ಮೇಲೆ ಮುಂದಕ್ಕೆ ಬಾಗಿ ಎದ್ದುನಿಂತರೆ ಕೀಲಿನ ಮೇಲೆ ಭಾರ ಬೀಳುವುದಿಲ್ಲ. ತಗ್ಗಿನ ಆಸನದಿಂದ ದಕ್ಕೆಯ ಕಟ್ಟೆಗೆ ಒಂದೇ ಕಾಲಿನ ಬಲದಲ್ಲಿ ಏಳಲು ಹೋಗಬೇಡಿ.

ನಲವತ್ತು ದಾಟಿದ ಹೊಸಬರು ನಮ್ಮ ಬಳಿ ಬರುವುದು ಹೆಚ್ಚಾಗಿ ಭುಜದ ನೋವಿಗೆ. ಕಾರಣ, ಅವರು ತೋಳಿನಿಂದ ನೀರು ಎಳೆಯುತ್ತಾರೆ. ಎಡಗಡೆ ಹುಟ್ಟು ಹಾಕುವಾಗ ಎಡಪಾದದಿಂದ ಕಯಾಕಿನೊಳಗೆ ಕಾಲೂರುವ ಮೆಟ್ಟನ್ನು ಒತ್ತಿ ಸೊಂಟದಿಂದ ಮೇಲಿನ ಇಡೀ ಮೈ ತಿರುಗಬೇಕು. ತೋಳು ಮಜ್ಜಿಗೆ ಕಡೆಯುವ ಹಗ್ಗದ ಹಾಗೆ, ಬಲವನ್ನು ದಾಟಿಸುವುದಷ್ಟೇ ಅದರ ಕೆಲಸ. ಮೊಣಕೈ ಭುಜಕ್ಕಿಂತ ಮೇಲೆ ಹೋಗದಿರಲಿ, ಕೈ ಬೆನ್ನ ಹಿಂದಕ್ಕೆ ಚಾಚದಿರಲಿ. ಹುಟ್ಟಿನ ಹಿಡಿಯನ್ನು ಬಿಗಿಯಾಗಿ ಹಿಡಿದರೆ ಮಣಿಕಟ್ಟಿನ ಸ್ನಾಯುರಜ್ಜುವಿಗೆ ಬಾವು ಬರುತ್ತದೆ, ಬೆರಳುಗಳು ಸಡಿಲವಾಗಿರಬೇಕು. ಹಿಡಿಯುವ ಅಂತರ ತಿಳಿಯಲು ಹುಟ್ಟನ್ನು ನೆತ್ತಿಯ ಮೇಲೆ ಅಡ್ಡ ಇಟ್ಟುಕೊಳ್ಳಿ. ಎರಡೂ ಮೊಣಕೈ ಲಂಬಕೋನದಲ್ಲಿ ಮಡಚಿದ್ದರೆ ಅದೇ ಸರಿಯಾದ ಜಾಗ. ಸಕ್ಕರೆ ಕಾಯಿಲೆ ಇದ್ದವರಿಗೆ ಭುಜ ಬಿಗಿದುಕೊಳ್ಳುವ ಸಂಭವ ಹೆಚ್ಚು, ಅಂಥವರು ಮೊದಲು ಪರೀಕ್ಷೆ ಮಾಡಿಸಿಕೊಳ್ಳಬೇಕು. ನೀವು ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಾದ್ದರಿಂದ ನಿಮ್ಮ ವೈದ್ಯರನ್ನು ಒಂದು ಮಾತು ಕೇಳಿ. ಕೆಲವು ಮಾತ್ರೆಗಳ ಜೊತೆಗೆ ಬಿಸಿಲೂ ಬೆವರೂ ಸೇರಿದರೆ ಎದ್ದುನಿಂತಾಗ ತಲೆ ಸುತ್ತುತ್ತದೆ.

ತದಡಿ ಕಡೆಯವಳು:

ನಾನು ಇದನ್ನು ಆರಂಭಿಸಿದ್ದು ಮಗಳು ಪಿಯುಸಿ ಮುಗಿಸಿ ಊರು ಬಿಟ್ಟ ಮೇಲೆ, ಆದ್ದರಿಂದ ನಿಮ್ಮ ಮನೆಯವರಿಗೆ ಇದನ್ನು ಧಾರಾಳವಾಗಿ ಓದಿ ಹೇಳಿ. ಸದಾಶಿವಗಡದ ಅಣ್ಣ ಹೇಳಿದ ಉಬ್ಬರದ ಲೆಕ್ಕಕ್ಕೆ ನನ್ನ ತಕರಾರಿಲ್ಲ. ಆದರೆ ಶಿರಸಿಯವರಿಗೆ ಕಾಳಿಯನ್ನು ಹೇಳುವುದು ನನಗೆ ಸರಿ ಕಾಣುವುದಿಲ್ಲ. ದೇವಿಮನೆ ಘಟ್ಟ ಇಳಿದರೆ ಕುಮಟಾ ಅರವತ್ತು ಕಿಲೋಮೀಟರಿನ ಆಸುಪಾಸು. ಕಾರವಾರ ಅದರ ಸುಮಾರು ಎರಡರಷ್ಟು. ಬೆಳಗಿನ ಆರು ಗಂಟೆಗೆ ನೀರಿಗಿಳಿಯಲು ಯಾವುದು ಸಾಧ್ಯ ಎಂಬುದನ್ನು ನೀವೇ ನೋಡಿ. ಅದೂ ಅಲ್ಲದೆ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಶರಾವತಿಯಲ್ಲಿ ಗೇರುಸೊಪ್ಪೆಯ ಮೇಲೆ ವಿದ್ಯುತ್ತಿಗಾಗಿ ನೀರು ಬಿಡುವುದೂ ನಿಲ್ಲಿಸುವುದೂ ನಡೆದಿರುತ್ತದೆ. ಇಲ್ಲಿ ಬೇಸಿಗೆಯಲ್ಲಿ ಉಬ್ಬರ, ಇಳಿತ, ಗಾಳಿ, ಈ ಮೂರನ್ನು ನೋಡಿಕೊಂಡರೆ ಮುಗಿಯಿತು.

ಆದರೆ ಅಘನಾಶಿನಿಯಲ್ಲಿ ಬೇರೊಂದು ಎಚ್ಚರಿಕೆ ಬೇಕು. ಈ ಅಳಿವೆ ಸಾವಿರಾರು ಮನೆಗಳ ಅನ್ನ. ನೀರು ಇಳಿದಾಗ ಹೆಂಗಸರು, ಗಂಡಸರು ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುತ್ತಿರುತ್ತಾರೆ; ಅವರ ನಡುವೆ ಬಣ್ಣದ ಕಯಾಕ್ ನುಗ್ಗಿಸಿ ಫೋಟೋ ತೆಗೆಯುವವರನ್ನು ಕಂಡರೆ ನನಗೇ ಸಿಟ್ಟು ಬರುತ್ತದೆ. ನೀರಿನ ಮೇಲೆ ಬೆಂಡುಗಳ ಸಾಲು ಕಂಡರೆ ಕೆಳಗೆ ಬಲೆ ಇದೆ ಎಂದು ತಿಳಿದು ತುದಿಯವರೆಗೆ ಸುತ್ತಿಕೊಂಡು ಹೋಗಬೇಕು. 2024ರಲ್ಲಿ ಈ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೆ, ಸೇರಿದ ಮೇಲೆ ನೋಡುಗರು ಹೆಚ್ಚಾಗಿದ್ದಾರೆ, ಆದರೆ ದಂಡೆಯವರಿಗೆ ಮೊದಲು ಒಂದು ನಮಸ್ಕಾರ ಹೇಳಿ ಇಳಿದವರಿಗೆ ಇಲ್ಲಿ ಯಾವ ಅಡ್ಡಿಯೂ ಇಲ್ಲ. ಎಲ್ಲಿ ಮರಳು ದಿಬ್ಬ ಎದ್ದಿದೆ, ಎಲ್ಲಿ ಕೆಸರಿನಲ್ಲಿ ಕಾಲು ಹೂತುಹೋಗುತ್ತದೆ ಎಂಬುದನ್ನು ಅವರೇ ಕೂಗಿ ಹೇಳುತ್ತಾರೆ. ಕಾಲಿಗೆ ಹಳೆಯ ಕ್ಯಾನ್ವಾಸ್ ಬೂಟು ಇರಲಿ. ಕಾಂಡ್ಲಾದ ಬೇರಿಗೂ ಬಂಡೆಗೂ ಅಂಟಿದ ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ, ಆ ಗಾಯ ಬೇಗ ಮಾಯುವುದೂ ಇಲ್ಲ.

ಇನ್ನು ಮಗುಚುವ ವಿಷಯ. ಕಯಾಕ್ ಒಂದಲ್ಲ ಒಂದು ದಿನ ಮಗುಚುತ್ತದೆ, ಅದನ್ನು ಮೊದಲ ದಿನವೇ ಬೇಕೆಂದೇ ಮಾಡಿ ನೋಡುವುದು ಒಳ್ಳೆಯದು. ಎದೆಮಟ್ಟದ ನೀರಿನಲ್ಲಿ, ಕಲಿಸುವವರು ಪಕ್ಕದಲ್ಲಿರುವಾಗ, ಮಗುಚಿದ ಕಯಾಕಿನ ಹೊಟ್ಟೆಯ ಮೇಲೆ ಕೈ ಚಾಚಿ ಆಚೆ ಅಂಚನ್ನು ಹಿಡಿದು ಎಳೆದು ನೆಟ್ಟಗೆ ಮಾಡಿ. ಆಮೇಲೆ ನಡುಭಾಗಕ್ಕೆ ಬಂದು, ಕಾಲುಗಳನ್ನು ನೀರಿನ ಮೇಲ್ಮೈಗೆ ತಂದು ಜೋರಾಗಿ ಬಡಿದು, ಕಯಾಕಿನ ಮೇಲೆ ನಿಮ್ಮ ಹೊಟ್ಟೆ ಊರಿ ಅಡ್ಡ ಬಿದ್ದುಕೊಳ್ಳಿ. ಉಸಿರು ತೆಗೆದುಕೊಂಡು ಹೊರಳಿ ಕೂತು, ಕೊನೆಗೆ ಕಾಲು ಒಳಗೆಳೆದುಕೊಳ್ಳಿ. ಅವಸರದಲ್ಲಿ ಮೊದಲೇ ಮೊಣಕಾಲೂರಿ ಏಳಲು ಹೋದರೆ ಮತ್ತೆ ಆಚೆ ಕಡೆಗೆ ಬೀಳುತ್ತೀರಿ. ಇದು ಸಹಾಯವಿಲ್ಲದೆ ಸರಾಗವಾಗಿ ಬರುವವರೆಗೆ ದಂಡೆಯಿಂದ ದೂರ ಹೋಗಬಾರದು.

ಕೆರೆಯ ಈಜು ಬರುತ್ತದೆ ಎಂದು ಲೈಫ್ ಜಾಕೆಟ್ ಬಿಚ್ಚಿ ಕಾಲ ಬಳಿ ಇಟ್ಟುಕೊಳ್ಳುವವರಿದ್ದಾರೆ. ಅದು ಮೈಮೇಲೆಯೇ ಇರಬೇಕು, ಪಟ್ಟಿ ಬಿಗಿದಿರಬೇಕು. ಭುಜದ ಬಳಿ ಹಿಡಿದು ಮೇಲಕ್ಕೆತ್ತಿದಾಗ ಕಿವಿಯವರೆಗೆ ಬಂದರೆ ಅದು ನಿಮ್ಮ ಅಳತೆಯದಲ್ಲ. ಕುತ್ತಿಗೆಗೆ ಒಂದು ಸೀಟಿ, ನೀರು ಹೋಗದ ಚೀಲದಲ್ಲಿ ಮೊಬೈಲು. ಅದರಲ್ಲಿ ಕೋಸ್ಟ್ ಗಾರ್ಡಿನ 1554, ಕರಾವಳಿ ಪೊಲೀಸರ 1093 ಇರಲಿ.

ಘಟ್ಟದ ಮೇಲಿನವ:

ಮೂವರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಊಟದ ಹೊತ್ತಿಗೆ ಎಲ್ಲವನ್ನೂ ಓದಿ ಹೇಳಿದೆ. ತದಡಿ ಕಡೆಯ ಅಕ್ಕ ಬರೆದದ್ದನ್ನು ಕೇಳಿದ ಮೇಲೆ ಮನೆಯವರು, ಮೊದಲ ದಿನ ತಾವೂ ದಂಡೆಗೆ ಬಂದು ಮಗುಚುವ ಪಾಠವನ್ನು ನೋಡುವುದಾದರೆ ಒಪ್ಪಿಗೆ ಎಂದಿದ್ದಾರೆ. ಅಘನಾಶಿನಿಯಿಂದಲೇ ಆರಂಭಿಸುತ್ತೇನೆ. ಉಳಿದದ್ದು ಎರಡು ಸಂಶಯ. ಗೆಳೆಯರೊಬ್ಬರು ದಾಂಡೇಲಿಗೆ ಹೋಗೋಣ, ಅಲ್ಲಿ ಉಬ್ಬರವೂ ಇಲ್ಲ ಇಳಿತವೂ ಇಲ್ಲ ಎನ್ನುತ್ತಾರೆ. ಮತ್ತೆ, ಗಾಳಿ ತುಂಬುವ ಕಯಾಕ್ ಕೊಂಡರೆ ಕಾರಿನ ಡಿಕ್ಕಿಯಲ್ಲಿಯೇ ಹಿಡಿಯುತ್ತದಂತೆ, ಅದು ನಡೆಯುತ್ತದೆಯೇ?

ಸದಾಶಿವಗಡದ ದಂಡೆ (ಕಾರವಾರ):

ಹೊರಡುವ ಜಾಗದ ವಿಷಯದಲ್ಲಿ ಅಕ್ಕನ ಮಾತೇ ಸರಿ, ಶಿರಸಿಯಿಂದ ಕಾರವಾರ ದೂರವಾಯಿತು.

ದಾಂಡೇಲಿ ಕಡೆಯ ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟಿನಿಂದ ಬಿಟ್ಟ ನೀರಿನ ಮೇಲೆ ನಡೆಯುವ ಕಯಾಕಿಂಗ್ ಬೇರೆಯೇ ಆಟ. ಅಲ್ಲಿ ಬಂಡೆಗಳ ನಡುವೆ ರಭಸವಾಗಿ ಹರಿಯುವ ನೀರಿಗೆ ಹೆಲ್ಮೆಟ್, ಬೇರೆ ಆಕಾರದ ಕಯಾಕ್, ಬೇರೆಯದೇ ತರಬೇತಿ ಬೇಕು. ಮಾರ್ಗದರ್ಶಕರ ಜೊತೆ ಒಮ್ಮೆ ಹೋಗಿ ಬನ್ನಿ, ಒಬ್ಬರೇ ಅಭ್ಯಾಸ ಮಾಡುವ ಜಾಗವಾಗಿ ಅದನ್ನು ಎಣಿಸಬೇಡಿ. ದಾಂಡೇಲಿ ಪೇಟೆಯ ಆಸುಪಾಸಿನ ಕಾಳಿಯಲ್ಲಿ ಮೊಸಳೆಗಳಿವೆ ಎಂಬುದು ನಿಮ್ಮ ಗೆಳೆಯರಿಗೆ ತಿಳಿದಿಲ್ಲವೆಂದು ಕಾಣುತ್ತದೆ.

ಕೊಳ್ಳುವುದನ್ನು ಒಂದು ಹಂಗಾಮಿನ ಮಟ್ಟಿಗೆ ಮುಂದೂಡಿ, ಬಾಡಿಗೆಯದರಲ್ಲೇ ಕಲಿಯಿರಿ. ಆಮೇಲೂ ಆಸೆ ಉಳಿದರೆ ಹತ್ತು ಅಡಿಯ ಆಸುಪಾಸಿನ, ಮೇಲೆ ಕೂರುವ ಮಾದರಿಯ ಪ್ಲಾಸ್ಟಿಕ್ ಕಯಾಕ್ ನಿಮಗೆ ಹೊಂದುತ್ತದೆ. ಅದು ಮಗುಚಿದರೂ ಒಳಗೆ ನೀರು ತುಂಬುವುದಿಲ್ಲ, ಮೊಣಕಾಲನ್ನು ಬೇಕಾದಂತೆ ಚಾಚಬಹುದು. ಬರೆದಿರುವ ಗರಿಷ್ಠ ಭಾರದ ಮೂರನೆಯ ಎರಡು ಪಾಲಿನಷ್ಟೇ ಹೇರಬೇಕು. ಗಾಳಿ ತುಂಬುವುದು ಕೆರೆಗೆ ಸಾಕು, ಅಳಿವೆಯಲ್ಲಿ ಅದು ಗಾಳಿ ಬೀಸಿದ ಕಡೆಗೆ ಜಾರುತ್ತದೆ. ಚಿಪ್ಪುಗಳ ಸಂಗತಿ ಅಕ್ಕ ಹೇಳಿಯೇ ಇದ್ದಾರೆ. ಪ್ಲಾಸ್ಟಿಕ್ಕಿನದು ಇಪ್ಪತ್ತೈದು ಕಿಲೋ ತೂಗಬಹುದು, ಒಬ್ಬರೇ ಕಾರಿನ ಮೇಲೆತ್ತಿದರೆ ಫಿಸಿಯೋ ಅವರಿಗೆ ಇನ್ನೊಂದು ಭುಜ ಸಿಗುತ್ತದೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ನಡುವಿನ ಎರಡು ಪಟ್ಟಿಗಳಷ್ಟೇ ಸಾಲುವುದಿಲ್ಲ, ಮುಂದಿನ ಮೂತಿಯನ್ನೂ ಹಿಂದಿನ ತುದಿಯನ್ನೂ ಬಂಪರಿಗೆ ಹಗ್ಗದಿಂದ ಕಟ್ಟಬೇಕು.