ಸಿಂಟ್ಯಾಕ್ಸ್ ಹೈಲೈಟಿಂಗ್: ‘ಬಣ್ಣ ಹಚ್ಚು’ ಸಾಕೇ, ‘ಪದಗುರುತು’ ಆದೀತೇ?

ಗೆಳೆಯರೇ,

ಹಾಸನದಲ್ಲಿ ನಾವು ನಾಲ್ಕೈದು ಜನ ಸೇರಿ ಫೋರ್ತ್ ಪ್ರೋಗ್ರಾಮಿಂಗ್ ಭಾಷೆಯ ಪದಗಳಿಗೆ ಕನ್ನಡ ಹೆಸರು ಕೊಟ್ಟು ಕಾಲೇಜು ಹುಡುಗರಿಗೆ ಕಲಿಸುತ್ತಿದ್ದೇವೆ. ಅದಕ್ಕಾಗಿ ಕೋಡ್ ಬರೆಯಲು ಬಳಸುವ ವಿಮ್ ಎಡಿಟರ್‌ಗೆ ಒಂದು ಸಿಂಟ್ಯಾಕ್ಸ್ ಫೈಲ್ ಬರೆದಾಗಿದೆ. ಕೋಡಿನ ಪದ, ಅಂಕಿ, ಟಿಪ್ಪಣಿಗಳು ತೆರೆಯ ಮೇಲೆ ಬೇರೆ ಬೇರೆ ಬಣ್ಣದಲ್ಲಿ ಕಾಣುವ ಸಿಂಟ್ಯಾಕ್ಸ್ ಹೈಲೈಟಿಂಗ್‌ಗೆ ಬೇಕಾದ ಫೈಲ್ ಇದು. ಕೆಲಸವೂ ಮಾಡುತ್ತಿದೆ. ಕನ್ನಡ ಸಹಾಯಪುಟದಲ್ಲಿ ಈ ಹೈಲೈಟಿಂಗ್ ಅನ್ನು ಏನೆಂದು ಕರೆಯಬೇಕು ಅನ್ನುವುದೇ ಈಗಿನ ತಕರಾರು.

ಹುಡುಗರು ‘ಕಲರ್ ಬರ್ತಿಲ್ಲ ಸಾರ್’ ಅನ್ನುತ್ತಾರೆ. ಹಾಗಾಗಿ ಮೊದಲು ‘ಬಣ್ಣ ಹಚ್ಚು’ ಅಂತ ಬರೆದೆವು. ಆದರೆ ನಮ್ಮ ಕಡೆ ಬಣ್ಣ ಹಚ್ಚುವುದು ಅಂದರೆ ನಾಟಕವೇ. ಊರಿನಲ್ಲಿ ಪೌರಾಣಿಕ ನಾಟಕ ಇಟ್ಟುಕೊಂಡಾಗ ‘ಈ ಸಲ ಬಣ್ಣ ಹಚ್ತೀರಾ?’ ಅಂದರೆ ‘ಪಾರ್ಟು ಮಾಡ್ತೀರಾ?’ ಅಂತ ಅರ್ಥ. ‘ಬಣ್ಣದ ಪದ’ ಅಂದರೆ ಇನ್ನೂ ಕಷ್ಟ, ಬಣ್ಣದ ಮಾತು ಆಡಿದ ಹಾಗಾಗುತ್ತದೆ.

‘ವಾಕ್ಯರಚನೆಯ ಎತ್ತಿತೋರಿಕೆ’ ಅಂತ ಒಬ್ಬರು ಸೂಚಿಸಿದರು. ಬಾಯಲ್ಲಿ ಹೊರಳುವುದಿಲ್ಲ ಅನ್ನುವುದು ಹಾಗಿರಲಿ, ಅರ್ಥವೂ ಸರಿಹೋಗುವುದಿಲ್ಲ. ಈ ಫೈಲ್ ವಾಕ್ಯವನ್ನು ಬಿಡಿಸಿ ನೋಡುವುದೇ ಇಲ್ಲ. ಇದು ಪಟ್ಟಿಯಲ್ಲಿರುವ ಪದವಾ, ಅದು ಅಂಕಿಯಾ, ಇಲ್ಲಿಂದ ಸಾಲಿನ ಕೊನೆವರೆಗೆ ಟಿಪ್ಪಣಿಯಾ, ಇಷ್ಟೇ ಅದರ ಲೆಕ್ಕ. ಫೋರ್ತ್‌ನಲ್ಲಂತೂ ವಾಕ್ಯರಚನೆ ಅನ್ನುವಂಥದ್ದೇ ಕಡಿಮೆ. ಎರಡು ಖಾಲಿ ಜಾಗದ ನಡುವೆ ಇರುವುದೆಲ್ಲ ಒಂದು ಪದ. ಆಶ್ಚರ್ಯಸೂಚಕ ಚಿಹ್ನೆ ಕೂಡ ಅಲ್ಲಿ ಪದವೇ. ಆ ಭಾಷೆಯವರೇ ಇವನ್ನು ‘ವರ್ಡ್’ ಅಂತಲೂ ಎಲ್ಲ ಸೇರಿದ್ದನ್ನು ‘ಡಿಕ್ಷನರಿ’ ಅಂತಲೂ ಕರೆಯುತ್ತಾರೆ. ಪದ, ನಿಘಂಟು ಅಂತ ಸಲೀಸಾಗಿ ಕನ್ನಡಕ್ಕೆ ಬಂತು, ಅಷ್ಟು ಪುಣ್ಯ. (ಫೋರ್ತ್ ಅನ್ನುವ ಹೆಸರೂ ಮಜವಾಗಿದೆ. ಆ ಭಾಷೆ ಕಟ್ಟಿದ ಚಾರ್ಲ್ಸ್ ಮೂರ್ ಇಡಲು ಹೊರಟಿದ್ದು ‘ನಾಲ್ಕನೆಯದು’ ಅನ್ನುವ ಅರ್ಥದ ಇಂಗ್ಲಿಷ್ ಪದ. ಐಬಿಎಂ 1130 ಕಂಪ್ಯೂಟರಿನಲ್ಲಿ ಫೈಲ್ ಹೆಸರಿಗೆ ಐದೇ ಅಕ್ಷರ ಸಿಗುತ್ತಿದ್ದರಿಂದ ನಡುವಿನ ‘ಯು’ ಹಾರಿಹೋಯಿತು.)

ಇನ್ನೊಂದು ವಿಷಯ. ನಾವು ಬರೆದ ಫೈಲ್‌ನಲ್ಲಿ ಬಣ್ಣದ ಹೆಸರೇ ಇಲ್ಲ! ಇದು ಟಿಪ್ಪಣಿ, ಇದು ಅಂಕಿ ಅಂತ ಬಗೆಯನ್ನಷ್ಟೇ ಅದು ಹೇಳುತ್ತದೆ. ಯಾವ ಬಗೆಗೆ ಯಾವ ಬಣ್ಣ ಅನ್ನುವುದು ಥೀಮ್‌ಗೆ ಬಿಟ್ಟಿದ್ದು. ಅದಕ್ಕೇ ನನಗೆ ‘ಪದಗುರುತು’ ಸರಿ ಅನ್ನಿಸುತ್ತದೆ.

ಜೊತೆಗಾರರೊಬ್ಬರು ಒಪ್ಪುತ್ತಿಲ್ಲ. ಅವರು ತೋರಿಸುವುದು ಮೂರ್ ಅವರೇ ಆಮೇಲೆ ಮಾಡಿದ ಫೋರ್ತ್‌ನ ಇನ್ನೊಂದು ರೂಪ, ಕಲರ್‌ಫೋರ್ತ್ ಅನ್ನು. ಅಲ್ಲಿ ಕೆಂಪು ಅಂದರೆ ಹೊಸ ಪದದ ಹೆಸರು, ಹಸಿರು ಕಂಪೈಲ್ ಆಗುವ (ಆಮೇಲೆ ನಡೆಸಲು ಸೇರಿಸಿಡುವ) ಪದ, ಹಳದಿ ಅಲ್ಲೇ ನಡೆಯುವ ಪದ, ಬಿಳಿ ಟಿಪ್ಪಣಿ. ಬಣ್ಣ ಬದಲಾದರೆ ಅರ್ಥವೇ ಬದಲು. ‘ಬಣ್ಣ ಬಿಟ್ಟರೆ ಇದನ್ನ ಹೇಗೆ ಹೇಳ್ತೀರಿ?’ ಅನ್ನುತ್ತಾರೆ. ನನ್ನ ಪ್ರಕಾರ ಅದು ಹೈಲೈಟಿಂಗೇ ಅಲ್ಲ, ಬಣ್ಣವೇ ಬರವಣಿಗೆಯ ಭಾಗ. ಹಾಗಾದರೆ ಕಣ್ಣಿಗೆ ಅನುಕೂಲವಾಗಲಿ ಅಂತ ಬರುವ ಬಣ್ಣಕ್ಕೊಂದು, ಅರ್ಥ ಹೇಳುವ ಬಣ್ಣಕ್ಕೊಂದು, ಎರಡು ಪದ ಬೇಕಲ್ವಾ? ಎರಡನೆಯದಕ್ಕೆ ನನ್ನ ಹತ್ತಿರ ಏನೂ ಇಲ್ಲ.

‘ಪದಗುರುತು’ ಅಂದರೆ ಪಾಸ್‌ವರ್ಡ್ ಅಂತ ಯಾರಾದರೂ ತಿಳಿದುಕೊಂಡಾರೇ? ಧಾರವಾಡ, ಮಂಗಳೂರು ಕಡೆಯವರಿಗೆ ‘ಬಣ್ಣ ಹಚ್ಚು’ ಅಂದ ಕೂಡಲೇ ರಂಗದ ಮೇಲಿನ ವೇಷವೇ ನೆನಪಾಗುತ್ತದೆಯೇ, ಅಥವಾ ಇದು ನಮ್ಮ ಸುತ್ತಿನ ಕಿವಿಯೋ? ಕೀವರ್ಡ್‌ಗೆ, ಅಂದರೆ ಭಾಷೆಯಲ್ಲೇ ಮೊದಲಿಂದ ಇರುವ ಪದಕ್ಕೆ, ‘ಕಾಯ್ದಿಟ್ಟ ಪದ’ (ಬೇರೆ ಅರ್ಥಕ್ಕೆ ಬಳಸಬಾರದ ಪದ) ಬೇಡ. ಫೋರ್ತ್‌ನಲ್ಲಿ ಯಾವುದನ್ನೂ ಕಾಯ್ದಿಟ್ಟಿಲ್ಲ, ‘ಇಫ್’ ಅನ್ನೂ ಬೇಕಾದ ಹಾಗೆ ಮತ್ತೆ ಬರೆದುಕೊಳ್ಳಬಹುದು. ಸದ್ಯಕ್ಕೆ ‘ಮೂಲಪದ’ ಅಂತ ಹಾಕಿದ್ದೇವೆ. ತಲೆಬರಹದಲ್ಲಿ ಹಿಡಿಯುವಷ್ಟು ಚಿಕ್ಕದಾಗಿ ಬೇರೆ ಏನಾದರೂ ಹೊಳೆದರೆ ತಿಳಿಸಿ.